ಜೀವ ಇದ್ದದ್ದು ರಾಕ್ಷಸನಿಗೆ

ಕುಂಬಳಕಾಯಿ ಕಳ್ಳ ಅಂದರೆ ಮೀಸೆ ಮುಟ್ಟಿ ನೋಡಿಕೊಂಡನಂತೆ! ಗಾದೆ ತಪ್ಪಿರಬಹುದು, ಸತ್ಯನಾರಾಯಣಪೇಟೆಯ ವಾಚನಾಲಯದಲ್ಲಿ ನಡೆದದ್ದು ಮಾತ್ರ ಖರೆ.

ಹೆಡ್‌ಮಾಸ್ತರ ವಿರೂಪಾಕ್ಷಪ್ಪನವರ ಮೊದಲ ಮಾಯಾಲೋಕದ ಕಾದಂಬರಿ ಓದಿದವರು ಅಂದು ಅವರೆದುರೇ ಅಭಿಪ್ರಾಯ ಹೇಳುತ್ತಿದ್ದರು. "ಭಾಷಾ ಚಂದ ಐತ್ರಿ, ಆದ್ರ ರಾಜಕುಮಾರಗ ಜೀವಾನ ಇಲ್ಲ," ಎಂದರು ದಾಕ್ಷಾಯಣಮ್ಮ. ಮಾಸ್ತರರ ಮುಖ ಬಾಡಿತು. ಆ ರಾಜಕುಮಾರನನ್ನು ತಮ್ಮನ್ನೇ ನೆನೆದು ಬರೆದಿದ್ದರು. ಇನ್ನು ಬರೆಯುವುದೇ ಬೇಡ ಎನಿಸಿತು.

"ರಾಕ್ಷಸ ಮಾತ್ರ ಎದುರಿಗೇ ನಿಂತಂಗ ಅದಾನ್ರಿ," ಎಂದ ಹಳೆಯ ಶಿಷ್ಯ ಗುರುರಾಜ, ಪುಸ್ತಕ ತೆರೆದು ದಪ್ಪ ಮೀಸೆಯ ಆ ರಾಕ್ಷಸನ ಮಾತನ್ನು ಥೇಟ್ ಮಾಸ್ತರರ ದನಿಯಲ್ಲೇ ಗುಡುಗಿದ: "ಯಾವನಲೇ ಅದು ಗುಸುಗುಸು ಅನ್ನಾಂವ? ಎದ್ದು ನಿಂದ್ರಲೇ!" ಹಿಂದೆ ಕುಳಿತಿದ್ದ ಹಳೆಯ ಶಿಷ್ಯರಿಬ್ಬರು ತಮಗರಿವಿಲ್ಲದೆ ಎದ್ದು ನಿಂತರು.

ಮಾಸ್ತರರ ಕೈ ತಾನಾಗಿಯೇ ಮೀಸೆಗೆ ಹೋಗಿ ಅಲ್ಲೇ ನಿಂತಿತು. "ಹಂಗಾದ್ರ ಇಷ್ಟು ದಿನ ನನಗ ನಾನ ಗೊತ್ತಿರಲಿಲ್ಲೇನಲೇ? ಮುಂದಿನ ಪುಸ್ತಕ ರಾಕ್ಷಸಂದಾ!" ಎಂದವರೇ ಎಲ್ಲರಿಗಿಂತ ಜೋರಾಗಿ ನಕ್ಕರು.