ಬಡಿಸುವವರ ಸರದಿ

ಮಲ್ಪೆ ಬಂದರಿನಲ್ಲಿ, ದೋಣಿಗಳು ಬಂದು ನಿಲ್ಲುವ ದಕ್ಕೆಯಲ್ಲಿ, ಮೋಡ ಬಡಿಸುವ ಕೆಲಸ ವಾರಿಜಳದು. ಕಡಲ ಸುತ್ತಲಿನ ಏಳು ದೇಶಗಳು ಮಳೆಯನ್ನು ಕೂಡಿಟ್ಟು ಹಂಚಿಕೊಳ್ಳತೊಡಗಿ ಹನ್ನೊಂದು ವರ್ಷವಾಗಿತ್ತು. ಒಕ್ಕೂಟದಲ್ಲಿ ನಮ್ಮದೇ ದೊಡ್ಡ ದೇಶ. ಹಾಗಾಗಿ ಬಡಿಸುವ ಹೊಣೆ ನಮ್ಮದು, ಉಣ್ಣುವ ಸರದಿ ಕೊನೆಯದು. ಉಳಿದವರೆಲ್ಲ "ಸಾಕು" ಎಂದ ಮೇಲೆಯೇ ಮಿಕ್ಕ ಮೋಡ ನಮ್ಮ ದಡಕ್ಕೆ.

ಆ ಸಂಜೆ ಐದು ದೇಶಗಳ ದೋಣಿಗಳು ತಮ್ಮ ಪಾಲಿನ ಮೋಡಗಳನ್ನು ಹಗ್ಗಕ್ಕೆ ಕಟ್ಟಿ, ಗಾಳಿಪಟದಂತೆ ತೇಲಿಸಿಕೊಂಡು ಹೊರಟುಹೋಗಿದ್ದವು. ಕೊನೆಗೆ ಬಂದವಳು ಪುಟ್ಟ ದ್ವೀಪದೇಶದ ಹವ್ವಾ. ಅವಳ ದೋಣಿಗೆ ವಾರಿಜ ಬೆಳ್ಳನೆಯ ಸಣ್ಣ ಮೋಡವೊಂದನ್ನು ಕಟ್ಟಿದಳು. ಇನ್ನು ಉಳಿದದ್ದು ಒಂದೇ, ತುಂಬುಗಬ್ಬದ ಎಮ್ಮೆಯಂಥ ಕರಿಮೋಡ.

"ಸಾಕಾ?"

"ಸಾಕು ಅಕ್ಕ," ಎಂದು ಹವ್ವಾ ಅಂಗೈ ಅಡ್ಡ ಹಿಡಿದಳು.

"ಸಾಕು ಅಂದ್ರಲ್ಲ, ಅದನ್ನ ನಮ್ಮ ದಡಕ್ಕೆ ಎಳೀರಿ ವಾರಿಜಕ್ಕ! ನಮ್ಮವರೂ ಕಾಯ್ತಾ ಇದ್ದಾರೆ," ಎಂದರು ದಕ್ಕೆಯ ಮೇಲ್ವಿಚಾರಕ ಸೋಮಪ್ಪ ಕಾಂಚನ್. ಊರಿನ ತಾರಸಿಗಳ ಮೇಲೆಲ್ಲ ಕೊಡಪಾನಗಳು ಬಾಯ್ದೆರೆದು ಕಾಯುತ್ತಿದ್ದವು. ಅವುಗಳಲ್ಲಿ ವಾರಿಜಳವೂ ಎರಡು.

ಅವಳು ಹವ್ವಾಳ ಕೈಯನ್ನೇ ನೋಡಿದಳು. ಮದುವೆ ಪಂಕ್ತಿಗಳಲ್ಲಿ ಬಡಿಸಿ ಪಳಗಿದ ಕಣ್ಣು ಅವಳದು. ನಿಜವಾಗಿ ಹೊಟ್ಟೆ ತುಂಬಿದವರು ಎಲೆಗೆ ಅಡ್ಡ ಹಿಡಿದ ಕೈಯಲ್ಲಿ ಬೆರಳುಗಳು ಕೂಡಿಕೊಂಡಿರುತ್ತವೆ. ದಾಕ್ಷಿಣ್ಯಕ್ಕೆ ಸಾಕೆನ್ನುವವರ ಬೆರಳುಗಳ ನಡುವೆ ಸಂದು ಬಿಟ್ಟಿರುತ್ತದೆ. ಹವ್ವಾಳ ಬೆರಳ ಸಂದಿನಲ್ಲಿ ಇಡೀ ಕಡಲು ಕಾಣುತ್ತಿತ್ತು.

ವಾರಿಜ ಕರಿಮೋಡದ ಹಗ್ಗ ಬಿಚ್ಚಿ ಅವಳ ದೋಣಿಗೆ ಬಿಗಿದಳು.

"ಸಾಕು ಅಂದೆನಲ್ಲ ಅಕ್ಕ?"

"ಕೇಳಿಸ್ಲೇ ಇಲ್ಲ ಮಾರಾಯ್ತಿ," ಎಂದಳು ವಾರಿಜ.