ನೂರಿಪ್ಪತ್ತು ಟೀ ಶರ್ಟು

“ಚಾಚಾ, ಟೀ ಶರ್ಟಿನ ಗಂಟು ಅದಲಾ ಬದಲಿ ಆಗ್ಯಾವ್ರಿ!”

ಬೆಳಿಗ್ಗೆ ಎಂಟಕ್ಕೆ ಫೋನಿನಲ್ಲಿ ಕಾಶೀರಾಮ ಹೀಗೆ ಕೂಗಿದಾಗ ಮುನೀರೋದ್ದೀನ ಬೀದರಿನ ಗವಾನ್ ಚೌಕದ ಹಿಂದಿರುವ ತನ್ನ ಪ್ರಿಂಟಿಂಗ್ ಅಂಗಡಿಯ ಶಟರ್ ಎತ್ತುತ್ತಿದ್ದ. ಶಟರ್ ಅರ್ಧಕ್ಕೇ ನಿಂತಿತು.

“ನಾವು ಹೇಳಿದ್ದು ಟ್ಯಾಂಕರಿನ ಚಿತ್ರ. ಇದರಾಗ ಸಾಹೇಬ್ರು ಕೈ ಮುಗದು ನಿಂತಾರ.”

“ಎಲ್ಲಿದ್ದೀ? ಅಲ್ಲೇ ನಿಂದ್ರು, ಈಗ ಬರ್ತೇನಿ.”

“ಭಾಲ್ಕಿ ಬಿಟ್ಟೇವ್ರಿ, ರೈಲಿನಾಗ ಕುಂತೇವಿ. ಪುಣೆ ಮುಟ್ಟೋತನಕ ಸಾಹೇಬ್ರನ್ನೇ ಮೈಮ್ಯಾಲ ಹಾಕೋತೇವಿ, ಏನ್ ಮಾಡೋದು!” ಕಾಶೀರಾಮ ನಕ್ಕ. ಅವನ ಹಿಂದೆ ಕೂಸುಗಳು ಅಳುತ್ತಿದ್ದವು. ಯಾವುದೋ ಮುದುಕಿ ಚರಿಗೆ ಎಲ್ಲಿಟ್ಟಿರೆಂದು ಯಾರನ್ನೋ ಬೈಯುತ್ತಿದ್ದಳು. ರೈಲೆಂದರೆ ಗದ್ದಲ ಇದ್ದದ್ದೇ.

ನಗು ಅವನದು, ಮುನೀರನ ಜೀವ ಬಾಯಿಗೆ ಬಂದಿತ್ತು. ಶಾಸಕ ಸಾಹೇಬರ ಗಂಟು ಕಾಶೀರಾಮನ ಹತ್ತಿರ ಇದೆ ಎಂದರೆ, ಕಾಶೀರಾಮನ ಗಂಟು ಸಾಹೇಬರ ಹತ್ತಿರ ಇದೆ. ಯಾ ಅಲ್ಲಾ!

ಕಾಶೀರಾಮ ಔರಾದ ಕಡೆಯ ಮುಕಾದಮ. ಕೂಲಿಯವರನ್ನು ಕೂಡಿಸಿ ಪುಣೆಗೆ ಕರೆದೊಯ್ಯುವವನು. ದೊಡ್ಡ ಸ್ಟೇಷನ್ನಿನಲ್ಲಿ ಯಾರೂ ಕಳೆದುಹೋಗಬಾರದೆಂದು ಅವನ ಟೋಳಿಯವರೆಲ್ಲ ಒಂದೇ ನಮೂನೆಯ ಟೀ ಶರ್ಟು ತೊಡುವುದು ವಾಡಿಕೆ. ಬರದ ಎರಡನೇ ವರ್ಷ ಅದು. “ಅಳಕೋತ ಯಾಕ ಹೋಗಬೇಕ್ರಿ? ನಗೋ ಹಂಗ ಏನರ ಬರೀರಿ,” ಎಂದಿದ್ದ. ಮಕ್ಕಳ ಅಳತೆಯವೂ ಬೇಕು, ಹೆಂಗಸರು ಸೀರೆಯ ಮೇಲೆ ತೊಡಲು ದೊಡ್ಡವೂ ಬೇಕು, ಒಟ್ಟು ನೂರಿಪ್ಪತ್ತು ಎಂದು ಹೇಳಿ ಹೋಗಿದ್ದ.

ಮುನೀರನ ಕೈ ಸುಮ್ಮನಿರಬೇಕಲ್ಲ! ನೀರಿನ ಟ್ಯಾಂಕರೊಂದನ್ನು ಬರೆದು, ಅದರ ಮುಂಭಾಗಕ್ಕೆ ಸಾಹೇಬರ ಮುಖವನ್ನೇ ಮೀಸೆ ಸಮೇತ ಕೂರಿಸಿದ್ದ. ನಳದಿಂದ ನೀರಿನ ಬದಲು ಅಕ್ಷರ ಸುರಿಯುತ್ತಿದ್ದವು: “ನಾಳಿ ಬರ್ತದ್ರಿ.” ಬರೆಯುವಾಗ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

ಅದೇ ವಾರ ಸಾಹೇಬರ ಬಲಗೈ ದತ್ತಾತ್ರಿ ಬಂದಿದ್ದ. ಔರಾದದ ಆಚೆ ಒಂದು ಊರಿಗೆ ಸಾಹೇಬರು ಟ್ಯಾಂಕರ್ ಕೊಡುವ ಸಮಾರಂಭ. “ಊರ ಮಂದಿ ಎಲ್ಲಾ ಒಂದೇ ಡ್ರೆಸ್ಸಿನಾಗ ಕಾಣಬೇಕು ಮುನೀರಭಾಯ್. ಸಣ್ಣ ಮಕ್ಕಳನ್ನೂ ಬಿಡಬ್ಯಾಡ್ರಿ. ನೂರಿಪ್ಪತ್ತು ಆಗಲಿ.” ಎರಡು ಗಂಟುಗಳನ್ನೂ ಮುನೀರನ ಹೆಂಡತಿ ಮರಿಯಮಬೀ ಹಳೆಯ ಸೀರೆಯಲ್ಲಿ ಕಟ್ಟಿಟ್ಟಿದ್ದಳು. ಎರಡೂ ಒಂದೇ ಗಾತ್ರ. ನಿನ್ನೆ ಸಂಜೆ ದತ್ತಾತ್ರಿಯ ಜೀಪು ಬಂದು ಬಾಗಿಲ ಬಳಿ ಇದ್ದದ್ದನ್ನು ಎತ್ತಿಕೊಂಡು ಹೋಗಿತ್ತು. ಉಳಿದದ್ದನ್ನು ಕಾಶೀರಾಮ ಒಯ್ದಿದ್ದ.

ಹೋದ ವರ್ಷ ಬ್ಯಾನರಿನಲ್ಲಿ ಸಾಹೇಬರ ಮೂಗು ವಾರೆಯಾಯಿತೆಂದು ಒಬ್ಬ ಪೇಂಟರನ ಅಂಗಡಿಗೆ ಬೀಗ ಬಿದ್ದಿತ್ತು. ಅದು ಬರೀ ಮೂಗು. ಇಲ್ಲಿ ನೂರಿಪ್ಪತ್ತು ಜನ, ಸಾಹೇಬರ ಕಣ್ಣೆದುರೇ, ಸಾಹೇಬರನ್ನೇ ಗೇಲಿ ಮಾಡುತ್ತ ಸಾಲಾಗಿ ನಿಲ್ಲುತ್ತಾರೆ!

ಸಮಾರಂಭ ಹನ್ನೊಂದಕ್ಕೆ. ಫೋನ್ ಮಾಡಿದರೆ ಅವರು ಗಂಟು ಬಿಚ್ಚಿ ನೋಡಿಯೇ ನೋಡುತ್ತಾರೆ, ತಾನಾಗಿ ಸಿಕ್ಕಿಬಿದ್ದಂತೆ. ಬಣ್ಣ ಹಸಿ ಇದೆ ಎಂದು ಸುಳ್ಳು ಹೇಳಿ, ಗಂಟು ಬಿಚ್ಚುವ ಮೊದಲೇ ವಾಪಸು ತರುವುದೊಂದೇ ದಾರಿ. ಮುನೀರ ಓಡಿಹೋಗಿ ಔರಾದದ ಬಸ್ಸು ಹಿಡಿದ.

ಬಸ್ಸಿನಲ್ಲಿ ಹತ್ತು ಜನವೂ ಇರಲಿಲ್ಲ. ಎದುರಿನಿಂದ ಬರುವ ಬಸ್ಸುಗಳು ಮಾತ್ರ ತುಂಬಿ ತುಳುಕುತ್ತಿದ್ದವು, ಮೇಲೆ ಹಾಸಿಗೆ, ಕೊಡ, ಒಲೆ. ಅವುಗಳಿಗೆ ದಾರಿ ಬಿಡಲು ಡ್ರೈವರ್ ನಿಧಾನ ಮಾಡಿದಾಗಲೆಲ್ಲ ಮುನೀರ ಹಲ್ಲು ಕಡಿದ. ಔರಾದದಲ್ಲಿ ಇಳಿದಾಗ ಹತ್ತೂಮುಕ್ಕಾಲು. ಅಂಗಲಾಚಿ ಆಟೋ ಹಿಡಿದ.

ಊರು ಹತ್ತಿರವಾದಂತೆ ಧ್ವನಿವರ್ಧಕ ಕೇಳಿಸಿತು. ಓಣಿಯಲ್ಲಿ ಮನೆ ಮನೆಗೂ ಬೀಗ. ಕಟ್ಟೆಯ ಮೇಲೆ ಒಂದು ಮುದಿ ಜೀವವೂ ಇಲ್ಲ. ಮುಗಿಯಿತು! ಊರಿಗೆ ಊರೇ ಸಭೆಗೆ ಹೋಗಿ ಕೂತಿದೆ, ಆಗಲೇ ಎಲ್ಲರ ಮೈಮೇಲೂ ತನ್ನ ಟ್ಯಾಂಕರು ಏರಿದೆ. ಹಿಂದಕ್ಕೆ ಓಡಿಬಿಡಲೇ ಎನಿಸಿತು. ಅಂಗಡಿಯ ನೆನಪಾಗಿ ಮುಂದೆ ನಡೆದ.

ಶಾಮಿಯಾನದ ಅಂಚಿನಲ್ಲಿ ಗಂಟು ಇತ್ತು. ಮರಿಯಮಬೀ ಬಿಗಿದ ಕಟ್ಟು ಬಿಚ್ಚದೆ ಹಾಗೇ ಇತ್ತು.

“ದತ್ತಾತ್ರಿಯವರೇ,” ಮುನೀರ ಏದುಸಿರು ಬಿಟ್ಟ. “ಬಣ್ಣ ಹಸಿ ಅದರಿ. ಮೈಗಿ ಹತ್ತತದ. ವಾಪಸ್ ಒಯ್ತೇನಿ.”

ದತ್ತಾತ್ರಿಯ ಮುಖ ಸುಟ್ಟ ಬದನೆಕಾಯಿಯಂತಾಗಿತ್ತು. “ಒಯ್ರಿ, ಒಯ್ರಿ. ಇನ್ನ ಯಾರಿಗಿ ಹಾಕೋದು?”

ಅಲ್ಲಾನ ಕೃಪೆ! ಮುನೀರ ಗಂಟನ್ನು ಹೆಗಲಿಗೇರಿಸಿದ. ಆಗ ತಲೆ ಎತ್ತಿ ನೋಡಿದ. ಹೂವಿನ ಹಾರ ಹಾಕಿಕೊಂಡ ಟ್ಯಾಂಕರು, ವೇದಿಕೆಯ ಮೇಲೆ ಸಾಹೇಬರು, ಅವರ ಹಿಂದೆ ಬಿಳಿ ಬಟ್ಟೆಯ ನಾಲ್ವರು, ಕ್ಯಾಮೆರಾ ಹಿಡಿದವನೊಬ್ಬ. ಎದುರಿಗೆ ಸಾಲು ಸಾಲು ಕುರ್ಚಿ, ಎಲ್ಲವೂ ಖಾಲಿ.

“ಮಂದಿ ಎಲ್ಲಿ?” ಕೇಳಬಾರದಿತ್ತು, ಬಾಯಿ ಜಾರಿತು.

“ನಸುಕಿನಾಗ ಆ ಮುಕಾದಮ ಕಾಶೀರಾಮ ಊರಿಗಿ ಊರನ್ನೇ ಪುಣೆಕ್ಕ ಒಯ್ದಾನ್ರಿ. ಕೂಸು ಕುನ್ನಿ ಸೈತ ಬಿಟ್ಟಿಲ್ಲ. ಲಿಸ್ಟ್ ನೋಡಿ ನೂರಿಪ್ಪತ್ತು ಮಂದಿ ಅಂತ ಲೆಕ್ಕ ಹಾಕಿದ್ದೆ ನಾ.”

ಮುನೀರನ ಹೆಗಲ ಮೇಲಿದ್ದದ್ದು ಅದೇ ಕಾಶೀರಾಮನ ಗಂಟು. ಅದನ್ನು ಬಿಗಿಹಿಡಿದು ಬೇಗ ಬೇಗ ಹತ್ತು ಹೆಜ್ಜೆ ಹಾಕಿದ. ಆಟೋ ಕಾಣುತ್ತಿತ್ತು.

“ಮುನೀರಭಾಯ್, ನಿಂದರ್ರಿ!” ಹಿಂದಿನಿಂದ ಮೈಕಿನಲ್ಲೇ ದತ್ತಾತ್ರಿಯ ದನಿ ಬಂತು. “ಫೋಟೋಕ್ಕ ಮಂದಿ ಅಂತ ನೀವೊಬ್ಬರೇ ಸಿಕ್ಕೀರಿ, ಹಸಿ ಇದ್ದರೂ ನಡೀತದ, ಗಂಟು ಬಿಚ್ಚಿ ಒಂದು ಹಾಕೊಂಡು ಸಾಹೇಬ್ರ ಬಾಜೂಕ ಬಂದು ನಿಂದರ್ರಿ.”