ದೇವರ ಗೂಡಿನ ಸೀಸೆ

ಸೀಸೆಯಲ್ಲಿ ಬರೀ ನೀರಿದೆ ಎಂಬ ಅನುಮಾನ ಹೊತ್ತೇ ಡಾಕ್ಟರ್ ಉಮರಸಾಬರು ಕೊಪ್ಪಳದಿಂದ ತಳಕಲ್ಲಿಗೆ ಬಂದಿಳಿದರು.

ಮುದುಕಮ್ಮನಿಗೆ ಸಕ್ಕರೆ ಕಾಯಿಲೆ. ಮೊದಲು ದಿನಕ್ಕೆರಡು ಸಲ ಇನ್ಸುಲಿನ್ ಚುಚ್ಚಬೇಕಿತ್ತು. ಸೂಜಿ ಕುದಿಸುವುದು, ಗೆರೆ ನೋಡಿ ಎಳೆಯುವುದು, ಎಲ್ಲವನ್ನೂ ಸೊಸೆ ಪಂಪಾವತಿಗೆ ಡಾಕ್ಟರರೇ ಕಲಿಸಿದ್ದರು. ತಿಂಗಳ ಹಿಂದೆ, ಯುದ್ಧದ ಅಭಾವದ ನಡುವೆಯೂ, ಹೈದರಾಬಾದಿನಿಂದ ಹೊಸ ಇನ್ಸುಲಿನ್ ತರಿಸಿಕೊಟ್ಟರು. ಮುಂಜಾನೆ ಒಮ್ಮೆ ಚುಚ್ಚಿದರೆ ಮರುದಿನದವರೆಗೂ ಕಾಯುವಂಥದ್ದು. ಅಂದಿನಿಂದಲೇ ರಕ್ತಪರೀಕ್ಷೆ ಕೆಟ್ಟಿತು. ವಾರ ವಾರ ಸಕ್ಕರೆ ಏರಿತು. ಎರಡು ಸಲ ಔಷಧಿಯ ಅಳತೆ ಹೆಚ್ಚಿಸಿದರು. ಇಳಿಯಲಿಲ್ಲ.

"ಚುಚ್ಚತಾಳೋ ಚೆಲ್ಲತಾಳೋ, ಆ ಶಿವಗ ಗೊತ್ತು," ಎಂದಳು ಮುದುಕಮ್ಮನ ಮಗಳು ಹೊಳಿಯಮ್ಮ. "ಅವ್ವ ಹೋದ್ರ ಕೀಲಿಕೈ ಯಾರ ಸೊಂಟಕ್ಕ ಬರತೈತಿ, ನೀವ ಹೇಳ್ರಿ."

"ಇವತ್ತು ನಾನ ಚುಚ್ಚತೀನಿ. ನಾಳಿ ಮುಂಜಾನಿ ರಕ್ತ ನೋಡೋಣು. ಸಕ್ಕರಿ ಇಳದ್ರ, ಈಕಿ ಚುಚ್ಚೇ ಇಲ್ಲಂತ ಅರ್ಥ."

"ಹಂಗಾದ್ರ ನಾಳಿನ ಈಕಿ ತವರಿಗೆ ಗಾಡಿ ಹೂಡ್ತೀವ್ರಿ."

ಪಂಪಾವತಿ ದೇವರ ಗೂಡಿನಲ್ಲಿ ವಿಭೂತಿಯ ಪಕ್ಕ ಇಟ್ಟಿದ್ದ ಸೀಸೆಯನ್ನು, ಎಣ್ಣೆ ತುಂಬಿದ ಹಣತೆಯಂತೆ, ಅಲುಗದ ಹಾಗೆ ಎರಡೂ ಕೈಯಲ್ಲಿ ತಂದಿಟ್ಟಳು. ಕುಡಿಯಲು ನೀರು ಕೊಡುವಾಗಲೂ ಅದೇ ಜತನ. ಕೆರೆ ನೀರಿನ ಹರವಿಯನ್ನು ಕದಲಿಸದೆ, ಮೇಲಿಂದ ಮೆಲ್ಲಗೆ ತಂಬಿಗೆ ತುಂಬಿದಳು. ನೀರು ಕನ್ನಡಿಯಂತಿತ್ತು.

ಸೀಸೆಯಲ್ಲಿ ಬೆರಳಗಲ ಔಷಧಿ ಉಳಿದಿತ್ತು. ಡಾಕ್ಟರು ಅದನ್ನು ಅಂಗೈಗಳ ನಡುವೆ ಉರುಳಿಸಿದರು. ಹಾಲಿನಂತೆ ಬೆಳ್ಳಗಾಯಿತು. ನೀರಲ್ಲ, ಅಸಲಿ ಔಷಧಿಯೇ.

"ಅಯ್ಯಯ್ಯ, ಸಾಹೇಬ್ರ..." ಎಂದು ಪಂಪಾವತಿ ಒಂದು ಹೆಜ್ಜೆ ಮುಂದೆ ಬಂದಳು. ನಾದಿನಿಯ ಕಣ್ಣು ನೋಡಿ ಹಿಂದೆ ಸರಿದಳು.

ಕಳ್ಳತನ ಬಯಲಾಗುವ ಭಯ, ಎಂದುಕೊಂಡರು ಡಾಕ್ಟರು. ತಾವೇ ಹೆಚ್ಚಿಸಿ ಚೀಟಿಯಲ್ಲಿ ಬರೆದಿದ್ದಷ್ಟೂ ಚುಚ್ಚಿ, ಊರಲ್ಲೇ ತಂಗಿದರು.

ಮರುದಿನ ಕೋಳಿ ಕೂಗುವ ಹೊತ್ತಿಗೆ ಮುದುಕಮ್ಮ ಬೆವರಿನಲ್ಲಿ ತೊಯ್ದಿದ್ದಳು. ಕೈಕಾಲು ನಡುಗುತ್ತಿದ್ದವು. ಹೊಟ್ಟೆಯ ಮಗಳನ್ನೇ ನೋಡಿ "ಯಾರವ್ವ ನೀ?" ಎಂದಳು. ಡಾಕ್ಟರು ಓಡಿಬಂದು, ರಕ್ತ ತೆಗೆದಿಟ್ಟುಕೊಂಡು, ಬೆಲ್ಲದ ನೀರು ಕುಡಿಸಿದರು. ಹೋಗುತ್ತಿದ್ದ ಜೀವ ಮರಳಿತು. ಆಮೇಲೆ ಪರೀಕ್ಷಿಸಿದರೆ, ಆ ರಕ್ತದಲ್ಲಿ ಸಕ್ಕರೆ ಇದ್ದೂ ಇಲ್ಲದಷ್ಟು.

"ನೋಡಿದ್ರಿಲ್ಲ?" ಹೊಳಿಯಮ್ಮ ಚೀರಿದಳು. "ಒಂದ ದಿನಕ್ಕ ಇಳೀತು! ಇಷ್ಟು ದಿನ ಚೆಲ್ಲ್ಯಾಳ!"

"ಖರೇ ಹೇಳವ್ವ," ಎಂದರು ಡಾಕ್ಟರು. "ಚೆಲ್ಲಿದ್ಯಾ?"

ಪಂಪಾವತಿ ಅತ್ತೆಯ ಹಣೆ ಒರೆಸುವುದನ್ನು ನಿಲ್ಲಿಸಲಿಲ್ಲ. "ಸೀಸೆ ಮುಗದಾಗ ತಳದ ರಾಡಿ ಅಷ್ಟ ಚೆಲ್ಲೀನ್ರಿ. ಹೊಸಾ ಔಷಧ್ಯಾಗ ರಾಡಿ ಭಾಳ ಐತಿ. ಕೆರಿ ನೀರಿನಂಗ ಕೂಡಾಕ ಬಿಟ್ಟು, ಮ್ಯಾಲಿನ ತಿಳಿ ಅಷ್ಟ ಎಳಕೊಂಡು ದಿನಾ ಚುಚ್ಚೀನಿ. ನಿನ್ನಿ ನೀವ ರಾಡಿ ಎಲ್ಲಾ ಕಲಸಿ ಚುಚ್ಚಿಬಿಟ್ರಿ."

ಆ ರಾಡಿಯೇ ಔಷಧಿ ಎಂದು ಆಕೆಗೆ ತಿಂಗಳ ಹಿಂದೆಯೇ ಹೇಳಬೇಕಾಗಿದ್ದ ಡಾಕ್ಟರು, ಸೀಸೆ ಉರುಳಿಸಿದ್ದ ತಮ್ಮ ಎರಡು ಅಂಗೈಗಳನ್ನೇ ನೋಡುತ್ತ ಕುಳಿತುಬಿಟ್ಟರು.